ಮಳೆಯ ಲೆಕ್ಕ, ಹಕ್ಕಿಯ ಲೆಕ್ಕ: ಆಲ್ಡೊ ಲಿಯೋಪೋಲ್ಡ್ ಬದುಕು

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ಅಮೆರಿಕದಲ್ಲಿ ಬಾಬ್‌ವೈಟ್ ಅಂತ ಒಂದು ಪುಟ್ಟ ಹಕ್ಕಿ ಇದೆ. ನೋಡೋಕೆ ನಮ್ಮ ಕಡೆಯ ಲಾವುಗೆ ಹಕ್ಕಿ ಥರ, ಕುಟುಂಬ ಮಾತ್ರ ಬೇರೆ. ನೆಲದ ಮೇಲೆ ಹುಲ್ಲಿನ ಗೂಡು, ಸುಮಾರು 14 ಮೊಟ್ಟೆ. ಒಂದು ಜೋಡಿಯ 14 ಮರಿಗಳೂ ಬದುಕಿದವು, ಅಪ್ಪ-ಅಮ್ಮನೂ ಬದುಕಿದರು ಅಂತ ಇಟ್ಟುಕೊಳ್ಳಿ. ಮೊದಲ ವರ್ಷ 2 ಇದ್ದದ್ದು 16 ಆಯ್ತು. ಎರಡನೇ ವರ್ಷ 128. ಮೂರನೇ ವರ್ಷ 1,024. ಹೀಗೇ ಹೋದರೆ ಹತ್ತನೇ ವರ್ಷಕ್ಕೆ 214 ಕೋಟಿ ದಾಟುತ್ತದೆ. ಕೋಡಿಂಗ್ ಮಾಡೋರು ಗಮನಿಸಿ, ಅದು ಸರಿಯಾಗಿ 2ರ ಘಾತ 31. ಸಿ ಪ್ರೋಗ್ರಾಂನ 32 ಬಿಟ್ ಇಂಟ್‌ನಲ್ಲಿ ಒಂದೇ ಒಂದು ಹಕ್ಕಿಗೆ ಜಾಗ ಸಾಲದೆ ಓವರ್‌ಫ್ಲೋ ಆಗುತ್ತೆ!

ಆದ್ರೆ ನಿಜವಾದ ಹೊಲದಲ್ಲಿ ಹೀಗೆ ಆಗೋದೇ ಇಲ್ಲ. ವರ್ಷದಿಂದ ವರ್ಷಕ್ಕೆ ಹಕ್ಕಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಇಲ್ಲವೇ ಕಮ್ಮಿಯಾಗುತ್ತಾ ಹೋಗುತ್ತದೆ. ಹಾಗಾದ್ರೆ ಉಳಿದ ಹಕ್ಕಿಗಳನ್ನು ಕಳೆಯುತ್ತಿರೋರು ಯಾರು? ಬಂದೂಕಾ, ನರಿಯಾ, ಗಿಡುಗನಾ, ಬರಗಾಲವಾ, ಅತಿಮಳೆಯಾ? ಈ ಒಂದು ಪ್ರಶ್ನೆಯ ಹಿಂದೆ ಜೀವಮಾನವಿಡೀ ನಡೆದವರು ಆಲ್ಡೊ ಲಿಯೋಪೋಲ್ಡ್. ಪರಿಸರ ವಿಷಯದ ಪಾಠಗಳಲ್ಲಿ ಅವರ ಹೆಸರು ಒಂದು ಸಾಲಿನಲ್ಲಿ ಬಂದು ಹೋಗುತ್ತೆ, ನೆಲದ ನೀತಿಯ ಬಗ್ಗೆ ಬರೆದ ತತ್ವಜ್ಞಾನಿ ಅಂತ. ನಮಗೆ ಮಾತ್ರ ಅವರು ಮೊದಲು ಕಾಣಿಸೋದು ಲೆಕ್ಕ ಇಡುವ ಮನುಷ್ಯನಾಗಿ. ಅವರ ಬದುಕನ್ನು ಮಳೆ ಮತ್ತು ಹಕ್ಕಿಯ ಕಡೆಯಿಂದ ನೋಡೋಣ ಅಂತ ಈ ಬರಹ.

ಶುರು ಮಾಡೋಕೆ ಮುಂಚೆ ಒಂದು ಮಾತು. ಇಲ್ಲಿ ಬೇಟೆ ಹಕ್ಕಿ ಅಂದ್ರೆ ಬೇಟೆಯಾಡುವ ಹದ್ದು, ಗಿಡುಗ ಅಲ್ಲ. ಮನುಷ್ಯ ಬೇಟೆಯಾಡುವ ಹಕ್ಕಿ. ಲಾವುಗೆ, ಕವುಜುಗ, ಕಾಡುಕೋಳಿ, ಬಾತು ಇಂಥವು.

ಅಪ್ಪ ಹಾಕಿಕೊಂಡ ಕಾನೂನು

ಲಿಯೋಪೋಲ್ಡ್ ಹುಟ್ಟಿದ್ದು 1887ರ ಜನವರಿ 11ರಂದು, ಅಯೋವಾ ರಾಜ್ಯದ ಬರ್ಲಿಂಗ್ಟನ್ ಎಂಬ ಊರಿನಲ್ಲಿ. ಮನೆ ಇದ್ದದ್ದು ಮಿಸಿಸಿಪ್ಪಿ ನದಿಯನ್ನು ಮೇಲಿಂದ ನೋಡುವ ಎತ್ತರದ ದಿಣ್ಣೆಯ ಮೇಲೆ. ಅಪ್ಪ ಕಾರ್ಲ್ ಮರದ ಮೇಜು ತಯಾರಿಸುವ ಕಾರ್ಖಾನೆ ನಡೆಸುತ್ತಿದ್ದರು. ನಾಲ್ಕು ಮಕ್ಕಳಲ್ಲಿ ಆಲ್ಡೊ ಹಿರಿಯ. ವಲಸೆ ಹೋಗುವ ಬಾತುಗಳು ಆ ನದಿಯ ದಾರಿಯಲ್ಲೇ ಹಾರುತ್ತಿದ್ದವು. ಅಪ್ಪನಿಗೆ ಬೇಟೆಯ ಹುಚ್ಚು, ಮಗನೂ ಜೊತೆಗೆ ಹೋಗುತ್ತಿದ್ದ.

ಆ ಕಾಲದಲ್ಲಿ ಬೇಟೆಗೆ ಈಗಿನಷ್ಟು ಬಿಗಿಯಾದ ಕಾನೂನು ಇರಲಿಲ್ಲ. ಆದರೂ ಕಾರ್ಲ್ ತಮಗೆ ತಾವೇ ಒಂದು ಕಾನೂನು ಹಾಕಿಕೊಂಡರು: ವಸಂತದಲ್ಲಿ ಬಾತು ಹೊಡೆಯುವುದಿಲ್ಲ. ಯಾಕಂದ್ರೆ ಆಗ ಅವು ಗೂಡು ಕಟ್ಟೋಕೆ ಉತ್ತರಕ್ಕೆ ಹೊರಟಿರುತ್ತವೆ. ಆ ಹೊತ್ತಿನಲ್ಲಿ ಒಂದು ಹಕ್ಕಿ ಬಿದ್ದರೆ ಒಂದು ಸಂಸಾರವೇ ಹೋದ ಹಾಗೆ. ಸಂಖ್ಯೆ ನಿಂತಿರೋದು ಸಂತಾನದ ಮೇಲೆ ಅನ್ನೋ ಪಾಠ ಹುಡುಗನಿಗೆ ಸಿಕ್ಕಿದ್ದು ಹೀಗೆ, ಪುಸ್ತಕದಿಂದ ಅಲ್ಲ.

ಅದು ಹಗುರವಾಗಿ ತೆಗೆದುಕೊಳ್ಳುವ ಕಾಲವೂ ಆಗಿರಲಿಲ್ಲ. ಒಂದು ಕಾಲಕ್ಕೆ ಆಕಾಶ ಮುಚ್ಚುವಷ್ಟು ಇದ್ದ ಪ್ಯಾಸೆಂಜರ್ ಪಾರಿವಾಳ ಅವರ ಬಾಲ್ಯದಲ್ಲೇ ಕಾಡಿನಿಂದ ಮರೆಯಾಗುತ್ತಿತ್ತು. ಆ ಜಾತಿಯ ಕೊನೆಯ ಹಕ್ಕಿ 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಎಷ್ಟೇ ದೊಡ್ಡ ಸಂಖ್ಯೆಯಾದರೂ ಸೊನ್ನೆಗೆ ಇಳಿಯಬಹುದು ಅನ್ನೋದನ್ನ ಅವರ ತಲೆಮಾರು ಕಣ್ಣಾರೆ ಕಂಡಿತ್ತು.

ಒಣ ನಾಡಿನಲ್ಲಿ ಮೊದಲ ಕೆಲಸ

ಯೇಲ್ ವಿಶ್ವವಿದ್ಯಾಲಯದಲ್ಲಿ ಅರಣ್ಯಶಾಸ್ತ್ರ ಓದಿ 1909ರಲ್ಲಿ ಲಿಯೋಪೋಲ್ಡ್ ಅರಣ್ಯ ಇಲಾಖೆ ಸೇರಿದರು. ಹಾಕಿದ್ದು ಅರಿಜೋನಾಗೆ. ಆಗಿನ್ನೂ ಅದು ರಾಜ್ಯವೇ ಆಗಿರಲಿಲ್ಲ. ವಯಸ್ಸು 22, ಕೈಯಲ್ಲಿ ಬಂದೂಕು, ತಲೆಯಲ್ಲಿ ಒಂದು ಸರಳ ಸೂತ್ರ: ತೋಳ, ಬೆಟ್ಟಸಿಂಹದಂಥ ಪ್ರಾಣಿಗಳು ಕಮ್ಮಿಯಾದಷ್ಟೂ ಬೇಟೆ ಪ್ರಾಣಿಗಳು ಜಾಸ್ತಿಯಾಗುತ್ತವೆ. ಆ ಕಾಲದ ಬಹುತೇಕ ಎಲ್ಲರೂ ನಂಬಿದ್ದ ಸೂತ್ರ ಅದು. ಅದೇ ನಂಬಿಕೆಯಲ್ಲಿ ಅವರೂ ಜೊತೆಯವರೂ ಸೇರಿ ಒಂದು ತಾಯಿ ತೋಳವನ್ನು ಹೊಡೆದರು. ಆ ತೋಳ ಅವರನ್ನು ಬಹಳ ವರ್ಷ ಬಿಡಲಿಲ್ಲ, ಅದರ ಕತೆ ಮುಂದೆ ಬರುತ್ತೆ.

1912ರಲ್ಲಿ ನ್ಯೂ ಮೆಕ್ಸಿಕೋದ ಕಾರ್ಸನ್ ಅರಣ್ಯದ ಮುಖ್ಯಸ್ಥರಾದರು, ಅದೇ ವರ್ಷ ಎಸ್ಟೆಲಾ ಬರ್ಗೆರೆ ಅವರನ್ನು ಮದುವೆಯಾದರು. 1913ರ ವಸಂತದಲ್ಲಿ ಕುರಿ ಮೇಯಿಸುವವರ ಜಗಳ ಬಗೆಹರಿಸೋಕೆ ದೂರದ ಬೆಟ್ಟಗಳಿಗೆ ಕುದುರೆ ಮೇಲೆ ಹೋದವರು ಮಳೆ, ಆಲಿಕಲ್ಲು, ಹಿಮ ಒಟ್ಟಿಗೇ ಬಂದ ಬಿರುಗಾಳಿಗೆ ಸಿಕ್ಕಿದರು. ನೆನೆದ ಹಾಸಿಗೆಯಲ್ಲೇ ಮಲಗಿ ಎದ್ದು ವಾಪಸ್ ಬರುವಷ್ಟರಲ್ಲಿ ಮೈ ಊದಿಕೊಂಡಿತ್ತು. ಮೂತ್ರಪಿಂಡದ ಉರಿಯೂತ. ಸಾವಿನ ಬಾಗಿಲವರೆಗೆ ಹೋಗಿ ಬಂದರು. ಚೇತರಿಸಿಕೊಳ್ಳೋಕೆ ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು.

ಎದ್ದ ಮೇಲೆ ಬೇಟೆ ಪ್ರಾಣಿ-ಪಕ್ಷಿಗಳ ರಕ್ಷಣೆಗೆ ಊರೂರು ಸುತ್ತಿ ಸಂಘ ಕಟ್ಟಿದರು. 1917ರಲ್ಲಿ ಮಾಜಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಅವರಿಂದ ಮೆಚ್ಚುಗೆಯ ಪತ್ರವೂ ಬಂತು. ಆದ್ರೆ ಆ ಹೊತ್ತಿಗೇ ಅವರ ಕಣ್ಣು ಇನ್ನೊಂದು ಕಡೆ ತಿರುಗಿತ್ತು. ಕಾಡುಗಳ ತಪಾಸಣೆ ಮಾಡುತ್ತಾ ಹೋದಂತೆ ಕಣಿವೆ ಕಣಿವೆಯಲ್ಲೂ ಒಂದೇ ದೃಶ್ಯ. ದನ-ಕುರಿ ಮೇಯ್ದು ಹುಲ್ಲು ಹೋದ ಕಡೆ ಮಣ್ಣು ಬರಿದಾಗಿದೆ, ಹಳ್ಳಗಳು ಆಳವಾಗಿ ಕೊರೆದುಕೊಂಡಿವೆ, ದಡದ ಒಳ್ಳೆಯ ಹೊಲಗಳು ಕೊಚ್ಚಿಹೋಗಿವೆ.

ಮಳೆ ಅಷ್ಟೇ ಬಿದ್ದರೂ ನೆಲ ಅದನ್ನು ಹಿಡಿದುಕೊಳ್ಳುವ ರೀತಿ ಬದಲಾಗಿತ್ತು. ಸಿವಿಲ್ ಓದೋರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಹುಲ್ಲಿದ್ದಾಗ ನೀರು ಇಂಗುತ್ತೆ, ಇಲ್ಲದಿದ್ದಾಗ ಮೇಲೆ ಹರಿದು ಹೋಗುತ್ತೆ. ಹರಿದು ಹೋದ ಮಳೆ ಗೇಜಿನಲ್ಲಿ ದಾಖಲಾಗಿರುತ್ತೆ, ಬೇರಿಗೆ ಮಾತ್ರ ಸಿಕ್ಕಿರೋದಿಲ್ಲ. 1923ರಲ್ಲಿ ಲಿಯೋಪೋಲ್ಡ್ ತಮ್ಮ ವಿಭಾಗದ ಅರಣ್ಯ ಅಧಿಕಾರಿಗಳಿಗಾಗಿ ಜಲಾನಯನದ ಬಗ್ಗೆ ಒಂದು ಕೈಪಿಡಿಯನ್ನೇ ಬರೆದರು. ಅವರು ಹಕ್ಕಿಯ ಲೆಕ್ಕಕ್ಕೆ ಬರುವ ಮೊದಲೇ ನೀರಿನ ಲೆಕ್ಕ ಕಲಿತಿದ್ದರು ಅನ್ನೋದು ಮುಖ್ಯ.

ಎಂಟು ರಾಜ್ಯಗಳ ಗಣತಿ

1924ರಲ್ಲಿ ಸಂಸಾರ ಸಮೇತ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ಗೆ ಬಂದರು. ಅಲ್ಲಿ ಮರದ ಉತ್ಪನ್ನಗಳ ಪ್ರಯೋಗಾಲಯದಲ್ಲಿ ಕುರ್ಚಿ ಕೆಲಸ. ಮನಸ್ಸು ಹಿಡಿಯಲಿಲ್ಲ. 1928ರಲ್ಲಿ ಖಾಯಂ ಸರ್ಕಾರಿ ನೌಕರಿ ಬಿಟ್ಟು, ಬಂದೂಕು ಮತ್ತು ಮದ್ದುಗುಂಡು ತಯಾರಕರ ಸಂಸ್ಥೆಯೊಂದರ ಹಣದಲ್ಲಿ ಬೇಟೆ ಪ್ರಾಣಿ-ಪಕ್ಷಿಗಳ ಸಮೀಕ್ಷೆಗೆ ಇಳಿದರು. ವಯಸ್ಸು 41, ಐದು ಮಕ್ಕಳು. ಧೈರ್ಯ ಬೇಕು!

ಎಂಟು ರಾಜ್ಯ ಸುತ್ತಿ, ರೈತರು, ಬೇಟೆಗಾರರು, ಅಧಿಕಾರಿಗಳ ಜೊತೆ ಮಾತಾಡಿ 1931ರಲ್ಲಿ ವರದಿ ಕೊಟ್ಟರು. ಅದರಲ್ಲಿ ಬಾಬ್‌ವೈಟ್ ಬಗ್ಗೆ ಕಂಡ ಸಂಗತಿ ಸರಳ. ಹೊಲಗಳ ನಡುವಿನ ಮುಳ್ಳುಬೇಲಿ, ಬದುವಿನ ಪೊದೆ, ಮೂಲೆಯ ಕುರುಚಲು ಇವೆಲ್ಲ ಎಲ್ಲಿ ಹೋದವೋ ಅಲ್ಲಿ ಹಕ್ಕಿಯೂ ಹೋಯ್ತು. ಅಚ್ಚುಕಟ್ಟಾದ ಬೇಸಾಯ ಅಂತ ಬದು ಸವರಿ ಕ್ಲೀನ್ ಮಾಡಿದ ಕಡೆ ಗೂಡು ಕಟ್ಟೋಕೆ ಜಾಗವಿಲ್ಲ, ಚಳಿಗಾಲದಲ್ಲಿ ಅಡಗೋಕೂ ಜಾಗವಿಲ್ಲ.

ಆಗ ಹಕ್ಕಿ ಕಮ್ಮಿಯಾದರೆ ಜನ ಕೇಳುತ್ತಿದ್ದ ಪರಿಹಾರ ಎರಡೇ. ಬೇರೆ ಕಡೆಯಿಂದ ಹಕ್ಕಿ ತಂದು ಬಿಡಿ, ಇಲ್ಲವೇ ಗಿಡುಗ-ನರಿಗಳನ್ನು ಕೊಲ್ಲಿ. ಮೆಕ್ಸಿಕೋದಿಂದ ರೈಲಿನಲ್ಲಿ ಲಾವುಗೆ ತರಿಸಿ ಬಿಟ್ಟದ್ದೂ ಉಂಟು. ತೂತು ಟ್ಯಾಂಕಿಗೆ ನೀರು ತುಂಬಿಸಿದ ಹಾಗೆ. ಲಿಯೋಪೋಲ್ಡ್ ಕೈ ತೋರಿಸಿದ್ದು ತೂತಿನ ಕಡೆಗೆ.

ಸಮೀಕರಣದಲ್ಲಿ ಮಳೆ ಎಲ್ಲಿ ಬರುತ್ತೆ?

1929ರ ಆರ್ಥಿಕ ಕುಸಿತದ ನಂತರ ಸಮೀಕ್ಷೆಯ ಹಣವೂ ಒಣಗಿತು. ಸರಿಯಾದ ಸಂಬಳವಿಲ್ಲದ ಆ ದಿನಗಳಲ್ಲಿ ಕೂತು ಬರೆದ ಪುಸ್ತಕವೇ ಗೇಮ್ ಮ್ಯಾನೇಜ್ಮೆಂಟ್. 1933ರಲ್ಲಿ ಅಚ್ಚಾಯಿತು. ಅದೇ ವರ್ಷ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಅವರನ್ನು ಈ ವಿಷಯದ ಪ್ರಾಧ್ಯಾಪಕರನ್ನಾಗಿ ಮಾಡಿತು. ಅಮೆರಿಕದಲ್ಲಿ ಅಂಥ ಹುದ್ದೆ ಅದೇ ಮೊದಲು.

ಪುಸ್ತಕದ ಹೊಳಹು ನಮ್ಮಂಥೋರಿಗೆ ಬೇಗ ಅರ್ಥವಾಗುತ್ತೆ. ಪ್ರತಿ ಜಾತಿಗೂ ಒಂದು ಸಂತಾನ ಸಾಮರ್ಥ್ಯ ಇದೆ, ಮೇಲೆ ನಾವು ಮಾಡಿದ 2, 16, 128ರ ಲೆಕ್ಕದ ಹಾಗೆ. ಅದನ್ನು ಕೆಳಕ್ಕೆ ಎಳೆಯುವ ಅಂಶಗಳು ಎರಡು ಗುಂಪು. ನೇರವಾಗಿ ಕೊಲ್ಲುವವು: ಬೇಟೆ, ಶತ್ರು ಪ್ರಾಣಿ, ಹಸಿವು, ರೋಗ, ಪರೋಪಜೀವಿ. ಇನ್ನು ಕೊರತೆಯಾದರೆ ಕಾಡುವವು: ಆಹಾರ, ನೀರು, ಮರೆ. ಮರೆ ಅಂದ್ರೆ ಗೂಡಿಗೆ, ಅಡಗೋಕೆ ಬೇಕಾದ ಹುಲ್ಲು-ಪೊದೆ. ಯಾವ ಅಂಶ ಸದ್ಯಕ್ಕೆ ಬಿಗಿಯಾಗಿ ಹಿಡಿದಿದೆಯೋ ಅದನ್ನು ಸಡಿಲಿಸದೆ ಬೇರೆ ಏನು ಮಾಡಿದರೂ ಪ್ರಯೋಜನ ಇಲ್ಲ. ಸರ್ಕ್ಯೂಟ್‌ನಲ್ಲಿ ಬಾಟಲ್‌ನೆಕ್ ಹುಡುಕಿದ ಹಾಗೇ.

ಈ ಪಟ್ಟಿಯಲ್ಲಿ ಮಳೆ ಎಲ್ಲಿ ಕೂರುತ್ತೆ ಅಂತ ನೋಡಿದರೆ, ಅದು ಒಂದೇ ಕಡೆ ಕೂರುವುದಿಲ್ಲ, ಎಲ್ಲದರ ಒಳಗೂ ನುಗ್ಗುತ್ತದೆ. ಇವತ್ತು ತಿಳಿದಿರುವುದನ್ನು ಸೇರಿಸಿ ಸ್ವಲ್ಪ ಬಿಡಿಸಿ ಹೇಳ್ತೀವಿ. ಬಾಬ್‌ವೈಟ್ ಮೊಟ್ಟೆ ಸುಮಾರು 23 ದಿನಕ್ಕೆ ಒಡೆಯುತ್ತದೆ. ಮರಿ ಹೆಬ್ಬೆರಳಿನಷ್ಟು ದೊಡ್ಡದು, ಮೈ ಒಣಗಿದ ಕೂಡಲೇ ಅಮ್ಮನ ಹಿಂದೆ ಓಡುತ್ತದೆ. ಮೊದಲ ಎರಡು ವಾರ ಅದರ ಊಟ ಹೆಚ್ಚಾಗಿ ಹುಳುಹುಪ್ಪಟೆ. ಮೈ ಬೆಳೆಯೋಕೆ ಪ್ರೋಟೀನ್ ಬೇಕು, ಕಾಳಿನಲ್ಲಿ ಅಷ್ಟು ಸಿಗಲ್ಲ. ಜೊತೆಗೆ ಆ ದಿನಗಳಲ್ಲಿ ತನ್ನ ಮೈಬಿಸಿಯನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಅದಕ್ಕೆ ಇನ್ನೂ ಬಂದಿರೋದಿಲ್ಲ.

ಈಗ ಎರಡು ಕೆಟ್ಟ ವರ್ಷ ಊಹಿಸಿ. ಒಂದು ವರ್ಷ ಮರಿ ಹೊರಬಂದ ವಾರದಲ್ಲೇ ಜಡಿಮಳೆ, ಥಂಡಿ ಗಾಳಿ. ಮರಿಯ ತುಪ್ಪಳ ನೆನೆದು ಮೈ ತಣ್ಣಗಾಗುತ್ತೆ. ಬಿಸಿಗೆ ಅಮ್ಮನ ರೆಕ್ಕೆ ಕೆಳಗೆ ಕೂತರೆ ಹೊಟ್ಟೆಗಿಲ್ಲ, ಮೇಯೋಕೆ ಹೋದರೆ ಚಳಿ. ಇನ್ನೊಂದು ವರ್ಷ ಬರ. ಹಸಿರು ಚಿಗುರಿಲ್ಲ ಅಂದ್ರೆ ಹುಳುವಿಲ್ಲ, ಹುಳುವಿಲ್ಲ ಅಂದ್ರೆ ಮರಿಗೆ ಊಟವಿಲ್ಲ. ಹುಲ್ಲು ತೆಳ್ಳಗಾಗಿ ಗೂಡು ಶತ್ರುವಿನ ಕಣ್ಣಿಗೆ ಬೀಳುತ್ತೆ. ಮಾಮೂಲಿ ವರ್ಷದಲ್ಲಿ ಮೊದಲ ಗೂಡು ಹಾಳಾದರೆ ಹಕ್ಕಿ ಇನ್ನೊಂದು ಕಟ್ಟುತ್ತೆ, ಬರದಲ್ಲಿ ಆ ಎರಡನೇ ಅವಕಾಶವೂ ಕಮ್ಮಿ.

ಅಂದ್ರೆ ಮಳೆ ಜಾಸ್ತಿಯಾದಷ್ಟೂ ಹಕ್ಕಿ ಜಾಸ್ತಿ ಅಂತ ನೇರ ಗೆರೆ ಎಳೆಯೋಕೆ ಆಗಲ್ಲ. ಒಣ ನಾಡಿನಲ್ಲಿ ಗ್ರಾಫ್ ಮೇಲಕ್ಕೆ ಹೋಗುತ್ತೆ, ತೇವದ ನಾಡಿನಲ್ಲಿ ಒಂದು ಹಂತದ ಮೇಲೆ ಕೆಳಕ್ಕೆ ಬಾಗುತ್ತೆ. ಎಷ್ಟು ಮಳೆ ಅನ್ನೋದಕ್ಕಿಂತ ಯಾವಾಗಿನ ಮಳೆ ಅನ್ನೋದೇ ದೊಡ್ಡದು. ನಮ್ಮ ರೈತರು ಮಳೆಯನ್ನ ಬರೀ ಮಳೆ ಅನ್ನದೆ ರೋಹಿಣಿ, ಮೃಗಶಿರಾ, ಆರಿದ್ರಾ ಅಂತ ಹೆಸರಿಟ್ಟು ಬೇರೆ ಬೇರೆ ಮಾಡೋದು ನೆನಪಾಗುತ್ತೆ. ಲಾವುಗೆಯ ಮರಿಗೂ ಅದೇ ಥರದ ಪಂಚಾಂಗ ಇದೆ.

ಕೆರೆ ಬತ್ತಿದಾಗ, ಕೆರೆ ಬರಿದು ಮಾಡಿದಾಗ

ಲಿಯೋಪೋಲ್ಡ್ ಪುಸ್ತಕ ಬಂದ ಹೊತ್ತಿಗೆ ಅಮೆರಿಕದ ನಡುನಾಡಿನಲ್ಲಿ ಮಹಾಬರ ಶುರುವಾಗಿತ್ತು. ದೂಳಿನ ಬಿರುಗಾಳಿಯಿಂದಲೇ ಚರಿತ್ರೆಯಲ್ಲಿ ಹೆಸರಾದ 1930ರ ದಶಕ ಅದು. ಉತ್ತರದ ಹುಲ್ಲುಗಾವಲುಗಳಲ್ಲಿ ಲೆಕ್ಕವಿಲ್ಲದಷ್ಟು ಸಣ್ಣ ಸಣ್ಣ ಹೊಂಡಗಳಿವೆ. ಬಾತುಗಳು ಸಂತಾನಕ್ಕೆ ಬರೋದು ಅಲ್ಲಿಗೆ. ಹೊಂಡದ ನೀರಿನ ಹುಳುಗಳೇ ಮೊಟ್ಟೆಯಿಡುವ ಹೆಣ್ಣಿಗೂ ಮರಿಗೂ ಪ್ರೋಟೀನ್. ಬರದಲ್ಲಿ ಹೊಂಡಗಳು ಬತ್ತಿದವು, ಬಾತುಗಳ ಸಂಖ್ಯೆ ಗಾಬರಿ ಹುಟ್ಟಿಸುವಷ್ಟು ಇಳಿಯಿತು.

1934ರ ಜನವರಿಯಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಮೂವರ ಸಮಿತಿ ಮಾಡಿದರು. ಪತ್ರಿಕಾ ಪ್ರಕಾಶಕ ಥಾಮಸ್ ಬೆಕ್, ವ್ಯಂಗ್ಯಚಿತ್ರಕಾರ ಜೆ ಡಾರ್ಲಿಂಗ್, ಮತ್ತು ಲಿಯೋಪೋಲ್ಡ್. ಬಾತುಗಳ ಸಂತಾನಕ್ಕೆ ಬೇಕಾದ ಜೌಗು ನೆಲವನ್ನು ಸರ್ಕಾರವೇ ಕೊಂಡು ಸರಿಪಡಿಸಬೇಕು ಅನ್ನೋದು ಸಮಿತಿಯ ಸಲಹೆಯ ತಿರುಳು. ಅದೇ ವರ್ಷ ಬಂದ ಕಾನೂನಿನ ಪ್ರಕಾರ ಬಾತು ಬೇಟೆಗಾರರು ಒಂದು ವಿಶೇಷ ಅಂಚೆಚೀಟಿ ಥರದ ಸ್ಟಾಂಪ್ ಕೊಳ್ಳಬೇಕಾಯಿತು. ಆ ಹಣ ಜೌಗು ನೆಲ ಉಳಿಸೋಕೆ. ಆ ಸ್ಟಾಂಪ್ ಇವತ್ತಿಗೂ ಚಾಲ್ತಿಯಲ್ಲಿದೆ.

ಇಲ್ಲಿ ನಮಗೆ ಕಂಡ ದೊಡ್ಡ ವಿಷಯ ಇದು. ಹೊಂಡ ಬರದಿಂದ ಬತ್ತೋದು ಬೇರೆ, ಕಾಲುವೆ ತೋಡಿ ನಾವು ಬರಿದು ಮಾಡೋದು ಬೇರೆ. ಮೊದಲನೆಯದು ಮಳೆ ಬಂದರೆ ತುಂಬುತ್ತೆ, ಬಾತು ವಾಪಸ್ ಬರುತ್ತೆ. ಎರಡನೆಯದರಲ್ಲಿ ಮಳೆ ಬರುತ್ತೆ, ಹರಿದು ಹೋಗುತ್ತೆ, ಬಾತು ಬರಲ್ಲ. ಕೋಟಿ ವರ್ಷಗಳಿಂದ ಹಕ್ಕಿಗಳು ಬರವನ್ನು ತಡೆದುಕೊಂಡು ಬಂದಿವೆ. ಬರ ಮುಗಿದ ಮೇಲೆ ಮರಳೋಕೆ ನೆಲವೇ ಇಲ್ಲದಿದ್ದಾಗ ಮಾತ್ರ ಅವು ಸೋಲುತ್ತವೆ.

ಇದೇ ವರ್ಷಗಳಲ್ಲಿ ವಿಸ್ಕಾನ್ಸಿನ್‌ನ ಕೂನ್ ವ್ಯಾಲಿ ಎಂಬಲ್ಲಿ ದೇಶದ ಮೊದಲ ಜಲಾನಯನ ಮಟ್ಟದ ಮಣ್ಣು ಸಂರಕ್ಷಣಾ ಯೋಜನೆ ನಡೆಯಿತು. ಕಡಿದಾದ ಇಳಿಜಾರಿನಲ್ಲಿ ಬೇಸಾಯ ಬಿಟ್ಟು ಹುಲ್ಲು-ಮರ, ಕೆಳಗೆ ಬಾಹ್ಯರೇಖೆಯ ಉದ್ದಕ್ಕೂ ಉಳುಮೆ, ದನಗಳು ಕಾಡಿನಿಂದ ಹೊರಗೆ. ಸಲಹೆಗಾರರಲ್ಲಿ ಲಿಯೋಪೋಲ್ಡ್ ಒಬ್ಬರು. ರೈತನ ಮಣ್ಣಿಗೆ ಒಳ್ಳೆಯದಾದದ್ದು ಲಾವುಗೆಗೂ ಒಳ್ಳೆಯದು ಅನ್ನೋದು ಅಲ್ಲಿನ ಲೆಕ್ಕಾಚಾರ.

ಕೋಳಿಗೂಡು ಮತ್ತು ಸತ್ತ ಸಸಿಗಳು

1935ರಲ್ಲಿ ಲಿಯೋಪೋಲ್ಡ್ ಬಾರಾಬೂ ಊರಿನ ಹತ್ತಿರ, ವಿಸ್ಕಾನ್ಸಿನ್ ನದಿಯ ದಡದಲ್ಲಿ, ಒಂದು ಹಾಳುಬಿದ್ದ ಜಮೀನು ಹಿಡಿದರು. ಅತಿಯಾಗಿ ಬೆಳೆ ತೆಗೆದು ಮರಳು ಮಾತ್ರ ಉಳಿದಿದ್ದ ನೆಲ. ಮನೆ ಸುಟ್ಟುಹೋಗಿತ್ತು. ಉಳಿದಿದ್ದದ್ದು ಒಂದು ಕೋಳಿಗೂಡು. ಅದನ್ನೇ ಗುಡಿಸಿ ರಿಪೇರಿ ಮಾಡಿ ವಾರಾಂತ್ಯದ ಮನೆ ಮಾಡಿಕೊಂಡರು. ಪ್ರೊಫೆಸರ್ ಮನೆಯವರು ಶನಿವಾರ-ಭಾನುವಾರ ಕೋಳಿಗೂಡಿನಲ್ಲಿ!

1936ರ ವಸಂತದಲ್ಲಿ ಮನೆಮಂದಿಯೆಲ್ಲ ಸೇರಿ ಪೈನ್ ಸಸಿ ನೆಟ್ಟರು. ಆ ಬೇಸಿಗೆ ಎಂಥದ್ದು ಅಂದ್ರೆ, ಜುಲೈ 13ರಂದು ಅಲ್ಲಿಗೆ ಹತ್ತಿರದ ವಿಸ್ಕಾನ್ಸಿನ್ ಡೆಲ್ಸ್‌ನಲ್ಲಿ 114 ಡಿಗ್ರಿ ಫ್ಯಾರನ್‌ಹೀಟ್ ದಾಖಲಾಯಿತು. ಸೆಲ್ಸಿಯಸ್‌ನಲ್ಲಿ 45.6. ಆ ರಾಜ್ಯದ ದಾಖಲೆ ಅದು. ನೆಟ್ಟ ಸಸಿಗಳಲ್ಲಿ ಬಹುಪಾಲು ಸತ್ತವು.

ಪುಸ್ತಕ ಬರೆದ ತಜ್ಞ, ಸಮಿತಿಯ ಸದಸ್ಯ, ದೇಶದ ಮೊದಲ ಪ್ರಾಧ್ಯಾಪಕ. ಅವರ ಸ್ವಂತ ಜಮೀನಿನಲ್ಲೇ ಬರ ಅವರನ್ನು ಫೇಲ್ ಮಾಡಿತ್ತು. ಮುಂದಿನ ವಸಂತದಲ್ಲಿ ಅವರು ಮತ್ತೆ ನೆಟ್ಟರು. ಅದರ ಮುಂದಿನ ವರ್ಷವೂ ನೆಟ್ಟರು. ಸಾಯುವವರೆಗೂ ಪ್ರತಿ ವಸಂತ ನೆಡುತ್ತಲೇ ಇದ್ದರು. ಒಟ್ಟು ಹತ್ತಾರು ಸಾವಿರ ಗಿಡ. ಮಳೆ ತರೋಕೆ ಅವರಿಂದ ಆಗುತ್ತಿರಲಿಲ್ಲ, ಮಳೆ ಬಂದಾಗ ಹಿಡಿದುಕೊಳ್ಳುವ ನೆಲ ಮಾಡೋಕೆ ಆಗುತ್ತಿತ್ತು.

ಉತ್ತರ ತಿದ್ದಿದ್ದು

ಲಿಯೋಪೋಲ್ಡ್ ಜೊತೆ ಕೆಲಸ ಮಾಡಿದ ಪಾಲ್ ಎರಿಂಗ್ಟನ್ ಎಂಬ ಯುವಕ ವಿಸ್ಕಾನ್ಸಿನ್‌ನ ಪ್ರೇರಿ ಡು ಸ್ಯಾಕ್ ಬಳಿ ಚಳಿಗಾಲದಲ್ಲಿ ಬಾಬ್‌ವೈಟ್ ಗುಂಪುಗಳನ್ನು ಎಣಿಸುತ್ತಾ ಹೋದರು. ಕಂಡದ್ದು ಆಶ್ಚರ್ಯ. ಒಂದೊಂದು ತುಂಡು ನೆಲಕ್ಕೂ ಚಳಿಗಾಲ ದಾಟಿಸುವ ಒಂದು ಮಿತಿ ಇದೆ. ಅದಕ್ಕಿಂತ ಜಾಸ್ತಿ ಹಕ್ಕಿ ಇದ್ದರೆ ಹೆಚ್ಚುವರಿ ಹೇಗಾದರೂ ಹೋಗುತ್ತೆ. ಗೂಬೆ ತಿನ್ನದಿದ್ದರೆ ನರಿ, ನರಿ ಇಲ್ಲದಿದ್ದರೆ ಚಳಿ-ಹಸಿವು. ಹಾಗಾದ್ರೆ ಗೂಬೆಯನ್ನು ಕೊಂದು ಏನು ಬಂತು?

ಅರಿಜೋನಾದಲ್ಲಿ ಹಿಡಿದಿದ್ದ ಆ ಸರಳ ಸೂತ್ರ ಹೀಗೆ ಒಂದೊಂದೇ ಕಡೆ ಬಿರುಕು ಬಿಡುತ್ತಾ ಬಂತು. ಮೆಕ್ಸಿಕೋದ ಗವಿಲಾನ್ ನದಿಯ ಕಣಿವೆಗೆ ಹೋದಾಗ ತೋಳ, ಬೆಟ್ಟಸಿಂಹ ಎಲ್ಲ ಇದ್ದೂ ಜಿಂಕೆಗಳು ಚೆನ್ನಾಗಿದ್ದವು, ಮಣ್ಣು ಗಟ್ಟಿಯಾಗಿತ್ತು, ಹೊಳೆ ತಿಳಿಯಾಗಿತ್ತು. ತೋಳ ಇಲ್ಲದ ತಮ್ಮ ನಾಡಿನಲ್ಲಿ ಜಿಂಕೆಗಳು ಮಿತಿಮೀರಿ ಹೆಚ್ಚಿ ಗಿಡಗಳ ಚಿಗುರನ್ನೆಲ್ಲ ಬೋಳಿಸಿದ್ದವು.

1943ರಲ್ಲಿ ರಾಜ್ಯದ ಸಂರಕ್ಷಣಾ ಆಯೋಗದ ಸದಸ್ಯರಾದ ಅವರು ಜಿಂಕೆಗಳ ಸಂಖ್ಯೆ ಇಳಿಸಬೇಕು ಅಂದಾಗ ಜನ ತಿರುಗಿಬಿದ್ದರು, ಪತ್ರಿಕೆಗಳಲ್ಲಿ ಬೈಗುಳ ಬಂತು. ಅವರು ಹಿಂದೆ ಸರಿಯಲಿಲ್ಲ. 1944ರಲ್ಲಿ, 35 ವರ್ಷಗಳ ಹಿಂದೆ ತಾವು ಹೊಡೆದ ಆ ತಾಯಿ ತೋಳದ ಬಗ್ಗೆ ಬರೆದರು. ಅದು ಸಾಯುವಾಗ ಕಣ್ಣಿನಲ್ಲಿ ಆರುತ್ತಿದ್ದ ಬೆಳಕನ್ನು ನೋಡಿದ್ದನ್ನು, ಆಗ ತಮಗೆ ತಿಳಿಯದೇ ಹೋದದ್ದನ್ನು ಬರೆದರು. ಹೆಸರು ಮಾಡಿದ ಮೇಲೆ, ತಾನೇ ಪ್ರಚಾರ ಮಾಡಿದ ಮಾತನ್ನು ಎಲ್ಲರ ಮುಂದೆ ವಾಪಸ್ ತೆಗೆದುಕೊಳ್ಳೋದು ಸಣ್ಣ ಕೆಲಸ ಅಲ್ಲ. ಡೇಟಾ ಬದಲಾದರೆ ಉತ್ತರ ಬದಲಾಗಬೇಕು ಅಂತ ನಾವೆಲ್ಲ ಲ್ಯಾಬ್ ರೆಕಾರ್ಡಿನಲ್ಲಿ ಬರೀತೀವಿ, ಅವರು ಬದುಕಿನಲ್ಲಿ ಮಾಡಿದರು.

ಡೈರಿ, ಬೆಳಕು, ಬೆಂಕಿ

ಕೋಳಿಗೂಡಿನಲ್ಲಿ ಲಿಯೋಪೋಲ್ಡ್ ಬೆಳಕು ಹರಿಯುವ ಮುಂಚೆ ಎದ್ದು, ಕಾಫಿ ಮತ್ತು ಲೈಟ್ ಮೀಟರ್ ಹಿಡಿದು ಹೊರಗೆ ಕೂರುತ್ತಿದ್ದರು. ಯಾವ ಹಕ್ಕಿ ಎಷ್ಟು ಬೆಳಕಿಗೆ ಹಾಡು ಶುರು ಮಾಡುತ್ತೆ ಅಂತ ಬರೆದಿಡುತ್ತಿದ್ದರು. ಯಾವ ಹೂವು ಯಾವತ್ತು ಅರಳಿತು, ಯಾವ ಹಕ್ಕಿ ಯಾವತ್ತು ಬಂತು, ನದಿಯ ಮಂಜು ಯಾವತ್ತು ಒಡೆಯಿತು ಎಲ್ಲವೂ ಡೈರಿಯಲ್ಲಿ. 1935ರಿಂದ 1945ರವರೆಗಿನ ಈ ದಾಖಲೆಯನ್ನು ಸಾರಾ ಎಲಿಜಬೆತ್ ಜೋನ್ಸ್ ಜೊತೆ ಸೇರಿ 1947ರಲ್ಲಿ ಪ್ರಕಟಿಸಿದರು.

1948ರ ಏಪ್ರಿಲ್‌ನಲ್ಲಿ ಅವರ ಪ್ರಬಂಧಗಳ ಹಸ್ತಪ್ರತಿಯನ್ನು ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಒಪ್ಪಿಕೊಂಡಿತು. ಅದಾಗಿ ಒಂದು ವಾರಕ್ಕೆ, ಏಪ್ರಿಲ್ 21ರಂದು, ಪಕ್ಕದ ಜಮೀನಿನಲ್ಲಿ ಹುಲ್ಲಿಗೆ ಬೆಂಕಿ ಬಿತ್ತು. ಆರಿಸೋಕೆ ಹೋದ ಲಿಯೋಪೋಲ್ಡ್ ಅಲ್ಲೇ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 61. ಎ ಸ್ಯಾಂಡ್ ಕೌಂಟಿ ಆಲ್ಮನಾಕ್ ಅನ್ನೋ ಹೆಸರಿನಲ್ಲಿ ಪುಸ್ತಕ ಬಂದದ್ದು 1949ರಲ್ಲಿ. ಅದನ್ನು ಅವರು ನೋಡಲೇ ಇಲ್ಲ.

ಮಕ್ಕಳು ಮುಂದುವರಿಸಿದ ಲೆಕ್ಕ

ಐದು ಮಕ್ಕಳೂ ಪ್ರಕೃತಿ ವಿಜ್ಞಾನದ ದಾರಿ ಹಿಡಿದರು. ಎರಡನೆಯವರು ಲೂನಾ, ಸಿವಿಲ್ ಇಂಜಿನಿಯರಿಂಗ್ ಓದಿದವರು. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಮುಖ್ಯ ಜಲವಿಜ್ಞಾನಿಯಾಗಿ, ನದಿ ತನ್ನ ದಾರಿಯನ್ನು ಹೇಗೆ ಕೊರೆದುಕೊಳ್ಳುತ್ತೆ ಅನ್ನೋ ವಿಜ್ಞಾನಕ್ಕೆ ಬುನಾದಿ ಹಾಕಿದರು. ಅಪ್ಪ ಕಣಿವೆಗಳಲ್ಲಿ ಕಣ್ಣಳತೆಯಲ್ಲಿ ಕಂಡದ್ದನ್ನು ಮಗ ಸಮೀಕರಣಕ್ಕೆ ಇಳಿಸಿದರು.

ಹಿರಿಯ ಮಗ ಸ್ಟಾರ್ಕರ್ ಹಕ್ಕಿಯ ಕಡೆ ಹೋದರು. 1976ರಲ್ಲಿ ಅವರೂ ಜೊತೆಗಾರರೂ ಕ್ಯಾಲಿಫೋರ್ನಿಯಾ ಲಾವುಗೆಯ ಬಗ್ಗೆ ಒಂದು ಸಂಶೋಧನೆ ಪ್ರಕಟಿಸಿದರು. ಬರದ ವರ್ಷ ಕುರುಚಲಾಗಿ ನಿಂತ ಸಣ್ಣ ಗಿಡಗಳ ಎಲೆಯಲ್ಲಿ ಈಸ್ಟ್ರೋಜನ್ ಹಾರ್ಮೋನನ್ನು ಹೋಲುವ ವಸ್ತುಗಳು ಹೆಚ್ಚುತ್ತವೆ. ಅದನ್ನು ತಿಂದ ಲಾವುಗೆಯ ಸಂತಾನಶಕ್ತಿ ಕುಗ್ಗುತ್ತದೆ. ಮಳೆ ಚೆನ್ನಾದ ವರ್ಷ ಗಿಡ ಸೊಂಪಾಗಿ ಬೆಳೆದಾಗ ಆ ವಸ್ತುಗಳು ಹೆಚ್ಚೇನೂ ಇರಲ್ಲ, ಹಕ್ಕಿ ಧಾರಾಳವಾಗಿ ಮರಿ ಮಾಡುತ್ತದೆ. ಅಂದ್ರೆ ಬರಲಿರುವ ಕೊರತೆಯ ಸುದ್ದಿಯನ್ನು ಗಿಡವೇ ಹಕ್ಕಿಗೆ ಮುಂಚಿತವಾಗಿ ಮುಟ್ಟಿಸಿದ ಹಾಗೆ. ಎಲ್ಲ ಜಾತಿಯ ಲಾವುಗೆಗೂ ಇದು ಇಷ್ಟೇ ಅನ್ವಯಿಸುತ್ತಾ ಅನ್ನೋದರ ಬಗ್ಗೆ ಚರ್ಚೆ ಇದೆ. ಆದ್ರೆ ಅಪ್ಪ ತಮ್ಮ ವೃತ್ತಿ ಶುರು ಮಾಡಿದ ಅರಿಜೋನಾದಲ್ಲೂ ಚಳಿಗಾಲದ ಮಳೆಯೇ ಗ್ಯಾಂಬೆಲ್ ಲಾವುಗೆಯ ಮುಂದಿನ ಸಂತಾನವನ್ನು ನಿರ್ಧರಿಸುತ್ತೆ. ತೀರಾ ಒಣ ವರ್ಷಗಳಲ್ಲಿ ಗುಂಪು ಒಡೆದು ಜೋಡಿಯಾಗುವುದೇ ಕಮ್ಮಿ.

ಮಗಳು ನೀನಾ ಅದೇ ಜಮೀನಿಗೆ ವಾಪಸ್ ಬಂದು 1976ರಿಂದ ಅಪ್ಪನ ಡೈರಿಯನ್ನು ಮುಂದುವರಿಸಿದರು. ಎರಡು ಕಾಲದ ದಾಖಲೆಗಳನ್ನು ಹೋಲಿಸಿ 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೂವು, ಹಕ್ಕಿಗಳ 55 ಘಟನೆಗಳಿದ್ದವು. ಅವುಗಳಲ್ಲಿ ಅನೇಕವು ವಸಂತದಲ್ಲಿ ಮುಂಚಿಗಿಂತ ಬೇಗ ಆಗುತ್ತಿದ್ದವು. ಲಾವುಗೆಯ ಮರಿಗೆ ಎರಡು ವಾರದ ಪಂಚಾಂಗವೇ ಪ್ರಾಣ ಅಂತ ಮೇಲೆ ನೋಡಿದೆವಲ್ಲ, ಆ ಪಂಚಾಂಗವೇ ಈಗ ಜರುಗುತ್ತಿದೆ. ಬೆಚ್ಚಗಾಗುತ್ತಿರುವ ಭೂಮಿಯಲ್ಲಿ ಮಳೆಯೂ ಬರವೂ ಹಳೆಯ ಅಳತೆ ಮೀರುತ್ತಿರುವಾಗ, ನೆಲದಲ್ಲಿ ಪೊದೆ, ಹುಲ್ಲು, ಹೊಂಡ ಉಳಿದಿದ್ದರೆ ಮಾತ್ರ ಹಕ್ಕಿಗೆ ಎರಡನೇ ಗೂಡಿನ ಅವಕಾಶ ಇರುತ್ತೆ.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಮಳೆ ಇನ್‌ಪುಟ್, ಹಕ್ಕಿ ಔಟ್‌ಪುಟ್. ಇನ್‌ಪುಟ್ ನಮ್ಮ ಕೈಯಲ್ಲಿಲ್ಲ. ನಡುವೆ ಇರುವ ಸಿಸ್ಟಮ್, ಅಂದ್ರೆ ನೆಲ, ನಮ್ಮ ಕೈಯಲ್ಲಿದೆ. ರಸ್ತೆ, ಕಾಲುವೆ, ಲೇಔಟ್, ಅಣೆಕಟ್ಟು ಅಂತ ನಾಳೆ ಆ ನೆಲವನ್ನು ಬದಲಾಯಿಸೋರು ನಾವೇ. ಲಿಯೋಪೋಲ್ಡ್ ತೀರಿಕೊಂಡ ಜಾಗದ ಬಳಿಯೇ 2007ರಲ್ಲಿ ಅವರ ಹೆಸರಿನ ಕೇಂದ್ರವೊಂದು ಕಟ್ಟಿದರು. ಹಸಿರು ಕಟ್ಟಡಗಳಿಗೆ ಕೊಡುವ ಲೀಡ್ ಪ್ಲಾಟಿನಂ ದರ್ಜೆ ಅದಕ್ಕಿದೆ. ಅದಕ್ಕೆ ಬಳಸಿದ ಮರದಲ್ಲಿ ಆ ಮನೆಯವರು ನೆಟ್ಟ ಪೈನ್‌ಗಳೂ ಇವೆ, ದಟ್ಟವಾಗಿ ಬೆಳೆದವನ್ನು ಬಿಡಿ ಮಾಡುವಾಗ ಕಡಿದವು. 1936ರ ಬರದಲ್ಲಿ ಸತ್ತ ಸಸಿಗಳ ಜಾಗದಲ್ಲಿ ಮತ್ತೆ ಮತ್ತೆ ಸಸಿ ನೆಡುತ್ತಾ ಹೋದದ್ದಕ್ಕೆ ಬೆಳೆದ ಮರಗಳು ಅವು.